ಅಜ್ಜಿಯ ಎಡಗೈ

ಒರೆಸಿದ ಆಸ್ಪತ್ರೆಯ ನೆಲ ಒಣಗುತ್ತ ಒಣಗುತ್ತ ನನ್ನ ಚಪ್ಪಲಿಯವರೆಗೆ ಬಂದಿದೆ, ಫಿನಾಯಿಲಿನ ಕೆಳಗೆ ಅಜ್ಜಿಯ ವಾಸನೆ ಹಾಗೇ ಇದೆ, ಮೂರು ದಿನ ಒರೆಸಿದರೂ ಹೋಗಿಲ್ಲ, ಮತ್ತೆ ಅಲ್ಲಿ ಕಾಟಿನ ಮೇಲೆ ಅವಳು ಎಡಗೈ ಚಾಚಿದ್ದಾಳೆ, ಅಂಗೈ ಮೇಲಾಗಿ, ಬಟ್ಟಲಿನಂತೆ ಚೂರು ಬಾಗಿಸಿ, ಬಲಗೈಯಿಂದ ಗಾಳಿಯೊಳಗಿನ ಏನನ್ನೋ ಹೆಕ್ಕಿ ಹೆಕ್ಕಿ ಅದರೊಳಗೆ ಇಡುತ್ತಾಳೆ, ಹೆಬ್ಬೆರಳಿನಿಂದ ಒರೆಸುತ್ತಾಳೆ, ಮತ್ತೊಂದು ಹೆಕ್ಕುತ್ತಾಳೆ, ನಾರ ಕೊಡ್ರಬೇ, ನೂರಾತು, ನಾರ ಕೊಡ್ರಿ ಅಂತ ಯಾರನ್ನೋ ಕೇಳುತ್ತಾಳೆ, ಯಾರೂ ಇಲ್ಲ, ನಾನಿದ್ದೇನೆ, ನಾನು ಅಂಕಿತಾ ಅಂತ ನಿನ್ನೆ ಸಂಜೆಯಿಂದ ಅವಳಿಗೆ ಗೊತ್ತಾಗುತ್ತಿಲ್ಲ. ಮೈಯೆಲ್ಲ ಬೆವರು, ತುಟಿ ನಡುಗುತ್ತಿದೆ, ಗ್ವಾಡಿ ಮ್ಯಾಲ ಇರಬಿ ಹರದಾಡಾಕತ್ತಾವ ನೋಡ ಅನ್ನುತ್ತಾಳೆ, ಗೋಡೆ ಬಿಳಿ, ಒಂದು ಇರುವೆಯೂ ಇಲ್ಲ. ಎಪ್ಪತ್ತಾರು ಆತಲ್ಲ, ಅರಳು ಮರಳು, ಅಂದು ಅಪ್ಪ ಕಾಗದಪತ್ರ ಮಾಡಿಸಲು ಕೆಳಗೆ ಹೋದ. ಬಿದ್ದ ಜಾಗಾ ಚಲೋ ಇಲ್ಲ, ಗಾಳಿ ಸೋಕೇತಿ, ಅಂದು ಅವ್ವ ತಾಯತ ತರಲು ಹೋದಳು. ಸೋಮವಾರ ಬೆಳಿಗ್ಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿದ್ದಳು, ತೊಡೆಯ ಎಲುಬು ಮುರಿದಿದೆ, ಇವತ್ತು ಬುಧವಾರ, ಹನ್ನೆರಡಕ್ಕೆ ಆಪರೇಶನ್, ಈಗ ಹತ್ತೂಕಾಲು. ಅರಳು ಮರಳೂ ಅಲ್ಲ, ಗಾಳಿಯೂ ಅಲ್ಲ. ಮೂರು ವರ್ಷ ಒಂದು ಸಂಜೆಯೂ ತಪ್ಪದೆ ಕುಡಿದವಳಿಗೆ ಭಾನುವಾರದ ಸೆರೆಯ ಪಾಕೀಟೇ ಕೊನೆಯದು, ಆಮೇಲೆ ಒಂದು ಹನಿ ಇಲ್ಲ. ಅವಳು ಕುಡಿಯುತ್ತಿದ್ದಳು ಅನ್ನುವುದು ಅಪ್ಪನಿಗೆ ಗೊತ್ತು, ಅವ್ವನಿಗೆ ಗೊತ್ತು, ನನಗೆ ಗೊತ್ತು. ಡಾಕ್ಟರಿಗೆ ಗೊತ್ತಿಲ್ಲ.

ಅವರೇನು ಕೇಳದೆ ಬಿಡಲಿಲ್ಲ. ಸೋಮವಾರವೇ ಕೇಳಿದರು, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು, ಏನರ ಚಟ ಅದಾವೇನ್ರಿ ಅಜ್ಜಿಗೆ, ಬೀಡಿ, ತಂಬಾಕ, ಸೆರೆ, ಮತ್ತು ಅಪ್ಪ ನಕ್ಕ, ನಿಜವಾಗಿಯೂ ನಕ್ಕ, ಎಂಥಾ ಮಾತ ಕೇಳಿದ್ರಿ ಡಾಕ್ಟರ, ನಮ್ದು ಲಿಂಗವಂತರ ಮನಿ ರಿ, ಎಲಿ ಅಡಿಕಿ ಬಿಟ್ರ ನಮ್ಮವ್ವ ಏನೂ ಮುಟ್ಟಿದಾಕಿ ಅಲ್ಲ. ಡಾಕ್ಟರು ಅದನ್ನೇ ಬರೆದುಕೊಂಡರು. ನಾನು ಚೀಲ ಹಿಡಿದು ಅಪ್ಪನ ಹಿಂದೆ ನಿಂತಿದ್ದೆ, ಚೀಲದಲ್ಲಿ ಅಜ್ಜಿಯ ಎರಡು ಸೀರೆ, ನನ್ನ ಡೈರಿ, ಇನ್ನೊಂದು. ಆ ಇನ್ನೊಂದನ್ನು ಯಾಕೆ ತಂದೆನೋ, ಟ್ರಂಕು ತೆಗೆದು ಸೀರೆಯ ನಡುವೆ ಸೇರಿಸಿಬಿಟ್ಟಿದ್ದೆ. ಆ ನಗು ನನಗೆ ಹೊಸದಲ್ಲ. ಹೋದ ಶ್ರಾವಣದಲ್ಲಿ ಸ್ವಾಮಿಗಳು ಜೋಳಿಗೆ ಹಿಡಿದು ಹಾನಗಲ್ಲಿನ ಓಣಿ ಓಣಿ ತಿರುಗಿದರು, ಕಾಳು ಬ್ಯಾಡ, ಕಾಸು ಬ್ಯಾಡ, ನಿಮ್ಮ ನಿಮ್ಮ ಚಟ ಹಾಕ್ರಿ ಜೋಳಿಗ್ಯಾಗ ಅಂತ, ಗಂಡಸರು ತಲೆ ತಗ್ಗಿಸಿ ಗುಟಕಾ ಚೀಟು, ಬೀಡಿ ಕಟ್ಟು ಹಾಕುತ್ತಿದ್ದರು, ಒಬ್ಬ ಮುದುಕ ಅತ್ತುಬಿಟ್ಟ, ಅಪ್ಪ ಇಸ್ತ್ರಿ ಮಾಡಿದ ಬಿಳೀ ಧೋತರ ಉಟ್ಟು ಜೋಳಿಗೆಯ ಪಕ್ಕದಲ್ಲೇ ನಡೆದಿದ್ದ, ನಮ್ಮ ಬಾಗಿಲಿಗೆ ಬಂದಾಗ ಕೈ ಮುಗಿದು, ಬುದ್ಧಿ, ಈ ಮನಿಂದ ಹಾಕಾಕ ಏನೂ ಇಲ್ಲರಿ, ಯಾರಿಗೂ ಒಂದ ಚಟಾ ಇಲ್ಲ, ಅಂದ. ಜನ ಚಪ್ಪಾಳೆ ತಟ್ಟಿದರು. ಪರಮೇಶಪ್ಪನ ಮನಿ ಅಂದ್ರ ಮನಿ ಅಂದರು. ಅದೇ ಹೊತ್ತಿಗೆ ಹಿಂದಿನ ಕೋಣೆಯಲ್ಲಿ, ಅಪ್ಪನ ಪಂಪಿನ ಅಂಗಡಿಯ ಪ್ಲಾಸ್ಟಿಕ್ ಪೈಪುಗಳ ನಡುವೆ, ಅವನ ಹೆತ್ತವ್ವ ಬಸಲಿಂಗವ್ವ ಎಡಗೈ ಚಾಚಿ ತನ್ನ ಸಂಜೆಯ ಲೋಟಕ್ಕೆ ಕಾಯುತ್ತಿದ್ದಳು, ಚಪ್ಪಾಳೆ ಕೇಳಿ ಯಾರದ ಲಗ್ನಾಬೇ ಅಂತ ನನ್ನನ್ನು ಕೇಳಿದಳು. ನಾನು ಯಾವತ್ತೂ ಏನೂ ಹೇಳುವುದಿಲ್ಲ. ಅಂಕಿತಾ ಭಾಳ ನಾಚಿಕಿ ಹುಡಿಗಿರಿ, ಬಿ.ಎ. ಮುಗಿಸಿದ್ರೂ ಬಾಯಿಲ್ಲ ಅಂತ ಅವ್ವ ಬಂದವರ ಮುಂದೆಲ್ಲ ಹೆಮ್ಮೆಯಿಂದ ಹೇಳುತ್ತಾಳೆ, ಪಂಪಿನ ಕಂಪನಿಯವರು ಅಂಗಡಿಗೆ ಕೊಟ್ಟ ಡೈರಿಯಲ್ಲಿ ನಾನು ದಿನಾ ಬರೆಯುತ್ತೇನೆ, ಬರೆದರೆ ಆಯಿತು, ಹೇಳಿದಂತೆಯೇ ಅಂದುಕೊಂಡಿದ್ದೆ, ಎಂಥ ಸುಳ್ಳು, ಬರೆದದ್ದನ್ನು ತಲೆದಿಂಬಿನ ಕೆಳಗೆ ಇಟ್ಟರೆ ಅದು ಯಾರಿಗೆ ಹೇಳಿದ ಹಾಗಾಯಿತು.

ಹುಟ್ಟಿನಿಂದ ಕುಡಿದವಳಲ್ಲ ಅವಳು. ಐವತ್ತು ವರ್ಷ ಸವಣೂರಿನಲ್ಲಿ ವೀಳ್ಯದ ಎಲೆಬಳ್ಳಿಯ ತೋಟ ಮಾಡಿದವಳು, ಬೆಳಗಿನ ಬಿಸಿಲು ಏರುವ ಮೊದಲು ಕೊಯ್ದ ಎಲೆಯನ್ನು ಒದ್ದೆ ಅರಿವೆಯ ಮೇಲೆ ರಾಶಿ ಹಾಕಿ, ಒಂದೊಂದನ್ನೇ ಎಡಗೈಯ ಅಂಗೈ ಮೇಲಿಟ್ಟು ಹೆಬ್ಬೆರಳಿನಿಂದ ಒರೆಸಿ, ತೊಟ್ಟಿಗೆ ತೊಟ್ಟು ಕೂಡಿಸಿ, ನೂರಕ್ಕೊಂದು ಬಾಳೆಯ ನಾರು ಬಿಗಿಯುತ್ತಿದ್ದಳು, ನಾನು ರಜೆಗೆ ಹೋದಾಗ ಎಣಿಸಿ ನೋಡಿದರೆ ನೂರೇ, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ, ಅವಳು ಎಣಿಸುತ್ತಲೇ ಇರಲಿಲ್ಲ, ಅಂಗೈಗೆ ಗೊತ್ತಾಕ್ಕೈತಿ ಅನ್ನುತ್ತಿದ್ದಳು. ಅಜ್ಜ ತೀರಿಕೊಂಡ ವರ್ಷವೇ ಅಪ್ಪ ತೋಟ ಬೇರೆಯವರಿಗೆ ಕೊಟ್ಟು ಅವಳನ್ನು ಹಾನಗಲ್ಲಿನ ನಮ್ಮ ಮನೆಗೆ ಕರೆತಂದ, ಇನ್ನ ಮ್ಯಾಲ ಕುಂತ ಉಣ್ಣಬೇ, ದುಡದದ್ದ ಸಾಕು ಅಂದ, ಒಳ್ಳೆಯ ಮಾತು, ಎಲ್ಲರೂ ಮೆಚ್ಚಿದ ಮಾತು. ಕೂತು ಉಣ್ಣಲು ಬಾರದ ಕೈ ಅದು. ಅವ್ವ ತಂದ ಮೆಂತ್ಯೆ ಸೊಪ್ಪನ್ನೂ ಎಸಳೆಸಳು ಒರೆಸಿ ಸಾಲಾಗಿ ಕಟ್ಟಿಡುತ್ತಿದ್ದಳು, ಅತ್ತಿ, ಪಲ್ಯಾ ಇವತ್ತ ಆಗಬೇಕ್ರಿ, ನಾಡದಲ್ಲ, ಅಂತ ಅವ್ವ ಸಿಡುಕಿದ ಮೇಲೆ ಅದನ್ನೂ ಬಿಟ್ಟಳು. ಆಮೇಲೆ ನಿದ್ದೆ ಹೋಯಿತು. ಪರಮ್ಯಾ, ಸವಣೂರಿಗೆ ಕಳಸೋ, ಒಂದ ಸಾಲ ಬಳ್ಳಿ ಇದ್ರ ಸಾಕೋ ಅಂತ ಅಳುವುದು ಓಣಿಗೆ ಕೇಳುತ್ತಿತ್ತು, ಓಣಿಗೆ ಕೇಳುವುದೇ ಅಪ್ಪನಿಗೆ ತಡೆಯಲಾಗದ್ದು. ಅಂಗಡಿಯಲ್ಲಿ ಪೈಪು ಕೊಯ್ಯುವ ಗುದ್ಲೆಪ್ಪ ಹೇಳಿದ, ಮಾಲಕ್ರ, ವಿಸ್ಕಿದು ತೊಂಬತ್ತರ ಪಾಕೀಟ ಸಿಗತಾವು, ಅರ್ಧಾ ಹಾಕಿ ಮ್ಯಾಲ ನೀರ ಹಾಕಿ ಕೊಡ್ರಿ, ನಮ್ಮಪ್ಪಗೂ ಇದ ಕೊಡ್ತೇವಿ, ಕೂಸಿನಂಗ ಮಲಗ್ತಾನ. ಅಪ್ಪ ಅವನಿಗೆ ಬಯ್ದ. ಮರುದಿನ ಅವನ ಕೈಯಿಂದಲೇ ತರಿಸಿದ, ಪೇಪರಿನಲ್ಲಿ ಸುತ್ತಿ. ಮೊದಲ ದಿನ ಅವಳು ಮೂಸಿ ಮುಖ ಸಿಂಡರಿಸಿದಳು, ಏನಬೇ ಇದು, ಅವ್ವ ಔಷಧಿರಿ ಅತ್ತಿ, ಕಣ್ಣ ಮುಚ್ಚಿ ಕುಡದಬಿಡ್ರಿ ಅಂದಳು, ಕುಡಿದಳು, ಮಲಗಿದಳು, ಮನೆಯೆಲ್ಲ ಮಲಗಿತು. ಅರ್ಧ ಹೋಗಿ ಒಂದಾಯಿತು, ಒಂದು ಹೋಗಿ ಎರಡು. ಅವ್ವ ಸ್ಟೀಲ್ ಲೋಟಕ್ಕೆ ಸುರಿದು ಮೇಲೆ ತಟ್ಟೆ ಮುಚ್ಚುತ್ತಿದ್ದಳು, ಹೋಗ, ಅಜ್ಜಿ ಔಷಧಿ ಕೊಟ್ಟ ಬಾ, ಮತ್ತು ಅದನ್ನು ಒಯ್ಯುತ್ತಿದ್ದವಳು ನಾನು, ಮೂರು ವರ್ಷ ನಾನು, ಅವಳು ಎಡಗೈ ಚಾಚುತ್ತಿದ್ದಳು ಮತ್ತು ನಾನು ಇಡುತ್ತಿದ್ದೆ.

ವಾಸನೆ ಮೂಗಿಗೆ ಬಡಿದ ಒಂದಿಬ್ಬರು ಬೀಗರು, ನೆರೆಯವರು, ಎಲ್ಲರದೂ ಗುಟ್ಟಿನಲ್ಲಿ ಒಂದೇ ಮಾತು, ಇನ್ನೆಷ್ಟ ದಿನಾ ಬಿಡ್ರಿ, ಕುಡದ ಆರಾಮ ಇರ್ಲಿ. ಇನ್ನೆಷ್ಟು ದಿನ. ಮೂರು ವರ್ಷದಿಂದ ಇನ್ನೆಷ್ಟು ದಿನ. ಅಣ್ಣ ಶಂಭುಲಿಂಗ ಗೆಳೆಯರ ಜೊತೆ ಒಂದು ಸಲ ಬಿಯರ್ ಕುಡಿದು ಬಂದಾಗ ಇದೇ ಅಪ್ಪ ಬೆಲ್ಟು ಬಿಚ್ಚಿದ್ದ, ಅವನ ಕೊರಳಪಟ್ಟಿ ಹಿಡಿದು ಮಠಕ್ಕೆ ಒಯ್ದು ಆಣೆ ಮಾಡಿಸಿದ್ದ, ಎರಡು ದಿನ ಅವ್ವ ಊಟ ಬಿಟ್ಟಿದ್ದಳು, ಆಯುಷ್ಯಾ ಹಾಳ ಮಾಡ್ಕೊಂತಾನ ಅಂತ. ಹಾಳಾಗಲು ಅವನಿಗೆ ಆಯುಷ್ಯವಿತ್ತು. ಅಜ್ಜಿಗೆ ಇಲ್ಲ ಅಂತ ತೀರ್ಮಾನ ಮಾಡಿದವರು ಯಾರು, ಯಾವ ದಿನ, ಯಾವ ಪಡಸಾಲೆಯಲ್ಲಿ ಕೂತು. ಚಿಕ್ಕವರು ಕುಡಿದರೆ ಮನೆ ಹತ್ತಿಕೊಂಡು ಉರಿಯುತ್ತದೆ, ಮುದುಕಿ ಕುಡಿದರೆ ಮನೆಗೆ ನಿದ್ದೆ ಬರುತ್ತದೆ. ಥೂ. ಇಷ್ಟು ಕೆಟ್ಟ ಮಾತು ನಾನು ಡೈರಿಯಲ್ಲಿ ಬರೆದಿಲ್ಲ, ಬರೆಯಬೇಕಿತ್ತು.

ಚೀಲದ ಆ ಇನ್ನೊಂದು. ಪಾಕೀಟು ಶುರುವಾಗಿ ಎರಡನೆಯ ತಿಂಗಳು, ಗುರುವಾರ, ತಾರೀಖು ಸಹಿತ ಬರೆದಿಟ್ಟಿದ್ದೇನೆ. ಅಜ್ಜಿ ನನ್ನ ಕರೆದು, ಬಾಗಲಾ ಮುಂದ ಮಾಡು ಅಂದಳು, ಮುಚ್ಚಿ ಬಂದೆ, ಕೊರಳಿನಿಂದ ಶಿವದಾರ ತಲೆಯ ಮೇಲಿಂದ ಎತ್ತಿ ತೆಗೆದಳು, ಬೆಳ್ಳಿಯ ಕರಡಿಗೆ, ಒಳಗೆ ಅವಳ ಲಿಂಗ, ತೊಟ್ಟಿಲಲ್ಲಿದ್ದಾಗ ಕಟ್ಟಿದ್ದು, ಬಾಣಂತನದಲ್ಲೂ ಮೈಯಿಂದ ಇಳಿಯದ್ದು. ನಿನ್ನ ಟ್ರಂಕಿನ್ಯಾಗ ಇಟಗೊ ಅಂದಳು. ಯಾಕಬೇ ಅಂದೆ. ನಿಮ್ಮವ್ವ ಕೊಡೂದು ಔಷಧಿ ಅಲ್ಲ, ನನಗ ಗೊತ್ತೈತಿ, ಬಿಡಾಕೂ ಆಗವಲ್ದು, ಅದು ಹೊಟ್ಟ್ಯಾಗ ಇರೂತನಕ ಇದು ಎದಿ ಮ್ಯಾಲ ಬ್ಯಾಡ. ಯಾರ ಮುಂದೂ ಅನಬ್ಯಾಡ. ನಿಮ್ಮಪ್ಪ ಕೇಳ್ಯಾನು, ಕೇಳಿದ್ರ ಕೊಡು. ಆಮೇಲೆ ಅವಳ ದಿನ ಕುಸಿದು ಬಿತ್ತು, ಒಂದು ಗೂಟ ಕಿತ್ತರೆ ಇಡೀ ಚಪ್ಪರ ಕೂತ ಹಾಗೆ. ಐದಕ್ಕೆ ಏಳುತ್ತಿದ್ದದ್ದು ಸ್ನಾನಕ್ಕೆ, ಸ್ನಾನ ಮಾಡುತ್ತಿದ್ದದ್ದು ಪೂಜೆಗೆ, ವಿಭೂತಿ ಧರಿಸಿ, ಲಿಂಗವನ್ನು ಎಡಗೈಯ ಅಂಗೈ ಮೇಲಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತ ಕೂಡುತ್ತಿದ್ದಳು, ಅದಾದ ಮೇಲೆಯೇ ಒಂದು ಗುಟುಕು ನೀರು. ಪೂಜೆ ಇಲ್ಲದ ಮೇಲೆ ಸ್ನಾನ ಯಾಕೆ, ಸ್ನಾನ ಇಲ್ಲದ ಮೇಲೆ ತಲೆ ಬಾಚುವುದು ಯಾಕೆ, ಸೀರೆ ಬದಲಿಸುವುದು ಯಾಕೆ, ರೊಟ್ಟಿ ಯಾಕೆ. ಉಗುರು ಬೆಳೆದು ಬಾಗಿದವು, ಹಿಮ್ಮಡಿ ಸೀಳಿ ಅದರೊಳಗೆ ಮಣ್ಣು ಕೂತಿತು, ಕೂದಲು ಗಂಟು ಗಂಟು. ಮೈ ತೊಳಕೊಳ್ರಿ ಅಂದ್ರ ಕೇಳೂದಿಲ್ಲರಿ, ಮುದುಕರ ಹಟಾ ನೋಡ್ರಿ ಅಂತ ಅವ್ವ ಎಲ್ಲರಿಗೂ ಹೇಳಿದಳು. ಹಟ ಅಂತೆ. ತನ್ನ ದೇವರ ಮುಂದೆ ತಾನು ನಿಲ್ಲಬಾರದು ಅಂತ ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡು ಕೂತವಳಿಗೆ ಹಟ ಅಂತೆ. ವಾಸನೆ ಅಂತ ಅವಳ ಕಾಟು ಪಡಸಾಲೆಯಿಂದ ಪೈಪಿನ ಕೋಣೆಗೆ ಹೋಯಿತು. ಅಪ್ಪ ದಿನಾ ಆ ಕೋಣೆಗೆ ಬರುತ್ತಿದ್ದ, ಪೈಪು ಎಣಿಸಲು, ಬೇ, ಆರಾಮ ಅದೀ ಇಲ್ಲೋ ಅಂತ ಬೆನ್ನು ಮಾಡಿಯೇ ಕೇಳುತ್ತಿದ್ದ. ಅವಳ ಕೊರಳಲ್ಲಿ ದಾರ ಇದ್ದ ಜಾಗ ಬಿಳೀ ಗೆರೆಯಾಗಿ ಉಳಿದಿತ್ತು. ಇವತ್ತು ಕೇಳ್ಯಾನು, ನಾಳೆ ಕೇಳ್ಯಾನು ಅಂತ ಅವಳು ಕಾಯುತ್ತಿದ್ದಳೋ ಏನೋ, ನಾನಂತೂ ಕಾಯುತ್ತಿದ್ದೆ. ಗೆರೆಯೂ ಅಳಿಸಿಹೋಯಿತು. ಅವನು ಕೇಳಲಿಲ್ಲ.

ಬೆಳಿಗ್ಗೆ ಕೇಳಿದವಳು ಹೊರಗಿನವಳು, ನರ್ಸ್ ದಿಲ್ಶಾದ. ಹಲ್ಲುಕಡ್ಡಿಯಷ್ಟು ಸಣ್ಣ ಹುಡುಗಿ, ನನಗಿಂತ ಎರಡು ವರ್ಷ ದೊಡ್ಡವಳಿರಬಹುದು, ಅಜ್ಜಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತ, ಅಜ್ಜೀ, ಎಲ್ಲೀ ಎಲಿರೀ ಇವು, ಭಾರೀ ಅದಾವಲ್ಲ ಅಂದಳು. ಸವಣೂರವಾ, ಮತ್ತೆಲ್ಲಿವು, ಅಂದಳು ಅಜ್ಜಿ, ಕೂಡಲೇ, ಸೊಕ್ಕಿನಿಂದ. ಹಂಗಾದ್ರ ನಮ್ಮೂರಾವ ಆದ್ರಿ, ನಮ್ಮ ದಾದಿ, ಅಂದ್ರ ನಮ್ಮಜ್ಜಿನೂ ಹಿಂಗ ಒರಸ್ತಿದ್ಲು, ಅಂತ ದಿಲ್ಶಾದ ಖಾಲಿ ಅಂಗೈಯೊಳಗಿನಿಂದ ಒಂದು ಎಲೆ ತೆಗೆದುಕೊಂಡ ಹಾಗೆ ಮಾಡಿ ಬಾಯಿಗೆ ಹಾಕಿಕೊಂಡಳು, ಅಜ್ಜಿ ನಕ್ಕಳು, ಎರಡು ದಿನದಲ್ಲಿ ಮೊದಲ ಸಲ. ಆಮೇಲೆ ನನ್ನನ್ನು ಕಿಟಕಿಯ ಹತ್ತಿರ ಕರೆದು ದನಿ ತಗ್ಗಿಸಿ, ಅಕ್ಕಾ, ಸಿಟ್ಟಾಗಬ್ಯಾಡ್ರಿ, ಅಜ್ಜಿ ಮನ್ಯಾಗ ತೊಗೊಂತಿದ್ರೇನು. ನಾನು ತಲೆ ಅಲ್ಲಾಡಿಸಿದೆ, ಇಲ್ಲ ಅಂತ. ಖರೇನ? ಮತ್ತೆ ಅಲ್ಲಾಡಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತ, ಇಂಥಾವ್ರನ್ನ ನಾ ಭಾಳ ನೋಡೇನ್ರಿ, ದಿನಾ ಕುಡಿಯಾವ್ರಿಗೆ ಒಮ್ಮೆಲೇ ನಿಂತ್ರ ಎರಡ ಮೂರ ದಿನಕ್ಕ ಹಿಂಗ ಆಗ್ತಾರ, ಬೆವರು, ನಡುಕ, ಇಲ್ಲದ್ದು ಕಾಣತೈತಿ, ನಾ ಅಂದ್ರ ಡಾಕ್ಟರ ನಂಬೂದಿಲ್ಲ, ಮನಿಯವ್ರ ಹೇಳಿದ್ರ ಅದಕ್ಕ ಇಂಜೆಕ್ಷನ್ ಐತಿ, ಹೇಳದನ ಥೇಟರಿನ್ಯಾಗ ಹೋದ್ರ ಜೀವಕ್ಕ ಬರ್ತೈತ್ರಿ ಅಕ್ಕಾ. ಅಂದು ಹೋದಳು. ಅವಳು ಹೋಗಿ ಎರಡೂವರೆ ತಾಸಾಯಿತು. ಎರಡೂವರೆ ತಾಸಿನಿಂದ ಈ ಬೆಂಚಿನ ಮೇಲೆ ನಾನು ಒಂದು ವಾಕ್ಯ ಕಟ್ಟುತ್ತಿದ್ದೇನೆ, ಡಾಕ್ಟರ, ನಮ್ಮಜ್ಜಿ, ಡಾಕ್ಟರ, ನಮ್ಮಜ್ಜಿ, ಮುಂದೆ ಬಾಯಿಗೆ ಬರುತ್ತಿಲ್ಲ, ಬಂದರೆ ಅದರ ಜೊತೆ ಜೋಳಿಗೆ, ಚಪ್ಪಾಳೆ, ಬಿಳೀ ಧೋತರ ಎಲ್ಲ ಹೊರಗೆ ಬರುತ್ತವೆ, ಅಪ್ಪನ ಮುಖ ಬರುತ್ತದೆ.

ಬಂದೇ ಬಿಟ್ಟ, ಮುಖವಷ್ಟೇ ಅಲ್ಲ, ಅಪ್ಪನೇ, ಕೈಯಲ್ಲಿ ಸಹಿ ಮಾಡಿದ ಕಾಗದ, ಹಿಂದೆ ಡಾಕ್ಟರು, ಡಾಕ್ಟರ ಹಿಂದೆ ದಿಲ್ಶಾದ. ಒಳಗ ಒಯ್ಯೂಣು, ಮೈಮ್ಯಾಲಿಂದ ಎಲ್ಲಾ ತಗದ ಇಟಗೋರಿ ಅಂದರು ಡಾಕ್ಟರು. ಕಿವ್ಯಾಗಿಂದ ತಗೀತೇವ್ರಿ, ಅಂದ ಅಪ್ಪ, ಎದೆ ಸೆಟೆದು ಅಂದ, ಆದ್ರ ಲಿಂಗ ತಗಿಯಾಂಗಿಲ್ಲ ನೋಡ್ರಿ ಡಾಕ್ಟರ, ಉಸಿರ ಇರೂತನಕ ನಮ್ಮವ್ವ ಅದನ್ನ ಇಳಿಸಾಕಿ ಅಲ್ಲ, ಬೇಕಾದ್ರ ತ್ವಾಳಿಗೆ ಕಟ್ರಿ. ಆತ್ರಿ, ಸಿಸ್ಟರ್, ತ್ವಾಳಿಗೆ ಕಟ್ಟಿಬಿಡ್ರಿ, ಡಾಕ್ಟರು ಮರ್ಯಾದೆಯಿಂದಲೇ ಅಂದರು. ದಿಲ್ಶಾದ ಅಜ್ಜಿಯ ಸೆರಗು ಸರಿಸಿ ನೋಡಿದಳು, ಅಜ್ಜಿ ಕೊರಳಾಗ ಏನೂ ಇಲ್ಲರಿ ಸರ್. ಅಪ್ಪ ಬಗ್ಗಿದ. ಅವನು ತನ್ನ ಅವ್ವನ ಮುಖಕ್ಕೆ ಅಷ್ಟು ಹತ್ತಿರ ಮುಖ ತಂದದ್ದನ್ನು ನಾನು ಮೂರು ವರ್ಷದಲ್ಲಿ ನೋಡಿಲ್ಲ. ಕೊರಳು ನೋಡಿದ, ಎದೆ ನೋಡಿದ, ದಿಂಬಿನ ಕೆಳಗೆ ಕೈ ಹಾಕಿದ. ನಿನ್ನಿ ಇತ್ತು ಅಂದ. ನಾನ ಕಣ್ಣಿಲೆ ನೋಡೇನಿ, ನಿನ್ನಿ ಸಂಜಿಮುಂದ ಇತ್ತು. ಎಷ್ಟು ಸಲೀಸಾಗಿ ಬಂತು ಆ ನೋಡೇನಿ. ಆಮೇಲೆ ತಲೆ ಎತ್ತಿ ದಿಲ್ಶಾದಳನ್ನು ನೋಡಿದ, ಬೆಳಗ್ಗಿಂದ ಅವ್ವನ ಮೈ ಮುಟ್ಟಿದಾಕಿ ನೀ ಒಬ್ಬಾಕೀನ. ಬೆಳ್ಳೀದು ಅಂತ ಕಂಡಿರಬೇಕು, ನಿನಗೇನ ಗೊತ್ತ ಅದರ ಬೆಲಿ. ಅವಳು ದನಿ ಇಳಿಸಲಿಲ್ಲ, ನನ್ನ ಕಿಸೆ ನೋಡ್ರಿ ಸರ್, ಚೀಲ ನೋಡ್ರಿ. ನಾ ಮುಟ್ಟಿದ್ದು ಅಜ್ಜಿ ಉಗುರರಿ. ಎಷ್ಟ ತಿಂಗಳ ಉಗುರೋ ಏನೋ, ನಿಮ್ಮ ಮನ್ಯಾಗ ಯಾರೂ ಮುಟ್ಟಿದ್ದಿಲ್ಲ.

ಅಪ್ಪಾ ಅಂತ ಯಾರೋ ಅಂದರು, ನಾನೇ, ಅದು ನನ್ನ ಕಡೆ ಐತಿ. ಚೀಲದಿಂದ ಸೀರೆ ತೆಗೆದೆ, ಸೀರೆಯ ಮಡಿಕೆಯಿಂದ ಕರಡಿಗೆ ತೆಗೆದೆ, ಮೂರ ವರ್ಷ ಆತು, ಅಜ್ಜೀನ ಕೊಟ್ಲು, ನಿಮ್ಮಪ್ಪ ಕೇಳಿದ್ರ ಕೊಡು ಅಂದಿದ್ಲು. ನೀ ನಿನ್ನಿ ನೋಡೇನಿ ಅಂದಿ. ಈಗ ನಿಂತರೆ ಮತ್ತೆ ನಿಂತೇ ಹೋಗುತ್ತೇನೆ ಅಂತ ಡಾಕ್ಟರ ಕಡೆಗೆ ತಿರುಗಿದೆ, ಎರಡೂವರೆ ತಾಸು ಕಟ್ಟಿದ ವಾಕ್ಯ ಒಂದೂ ನೆನಪಿಲ್ಲ, ದಿನಾ ಕುಡೀತಿದ್ಲರಿ, ಎರಡ ಪಾಕೀಟ, ವಿಸ್ಕಿ, ಭಾನುವಾರ ಸಂಜಿಮುಂದಿಂದ ಕಡೀದು, ಒಯ್ದ ಕೊಡ್ತಿದ್ದಾಕಿ ನಾನ. ಅಂಕಿತಾ, ಅಂದ ಅಪ್ಪ, ಹಲ್ಲಿನ ನಡುವಿನಿಂದ, ಮನೀ ಮಾನ. ನಾನು ಡೈರಿ ತೆಗೆದು ಡಾಕ್ಟರ ಕೈಗೆ ಕೊಟ್ಟೆ, ಯಾರೂ ನೋಡಬಾರದ ನನ್ನ ಅಕ್ಷರ, ಪಂಪಿನ ಚಿತ್ರದ ಕೆಳಗೆ ದಿನ ದಿನ. ಅವರು ನಿಂತಲ್ಲೇ ನಾಲ್ಕು ಹಾಳೆ ತಿರುವಿದರು, ಮುಚ್ಚಿದರು. ಸೋಮವಾರ ನಾ ಕೇಳಿದ್ದೆ ಪರಮೇಶಪ್ಪನವ್ರ, ಅಂದರು, ಅಷ್ಟೇ, ಮೆತ್ತಗೆ, ಬಯ್ದಿದ್ದರೆ ಚೆನ್ನಾಗಿತ್ತು. ಸಿಸ್ಟರ್, ಆಪರೇಶನ್ ಇವತ್ತ ಬ್ಯಾಡ, ಅಂತ ಯಾವುದೋ ಇಂಜೆಕ್ಷನ್ನಿನ ಹೆಸರು ಹೇಳಿದರು, ದಿಲ್ಶಾದ ಓಡಿದಳು, ಕಳ್ಳಿ ಅನ್ನಿಸಿಕೊಂಡ ಕಾಲಿನಲ್ಲೇ ಓಡಿದಳು, ಓಡಿ ಬಂದು ಸೂಜಿ ಹಾಕಿದಳು, ಅಪ್ಪ ಅವಳಿಗೆ ತಪ್ಪಾತು ಅನ್ನಲಿಲ್ಲ, ಕೈ ಮುಗಿಯಲಿಲ್ಲ, ಜೋಳಿಗೆಯ ಮುಂದೆ ಅಷ್ಟು ಚಂದ ಮುಗಿಯುತ್ತಿದ್ದ ಕೈ, ಬಾಗಿಲು ದಾಟಿ ಹೊರಗೆ ಹೋಗಿ ಯಾರಿಗೋ ಫೋನ್ ಮಾಡುತ್ತಿದ್ದಾನೆ, ಏನಿಲ್ಲೋ, ಬಿ.ಪಿ. ಹೆಚ್ಚಾಗೇತಂತ, ಅದಕ್ಕ ಮುಂದ ಹಾಕ್ಯಾರ, ಗೋಡೆಯಾಚೆಯಿಂದ ಕೇಳುತ್ತಿದೆ, ಬಿ.ಪಿ., ಇನ್ನೂ ಬಿ.ಪಿ. ಅನ್ನುತ್ತಿದ್ದಾನೆ, ಇರಲಿ, ನಾಳೆ ಅದಕ್ಕೂ ಬಾಯಿ ತೆರೆಯುತ್ತೇನೆ, ಸಂಜೆ ದಿಲ್ಶಾದಳ ಮುಂದೆ ನಿಲ್ಲುತ್ತೇನೆ, ಬೆಳಿಗ್ಗೆ ಅಲ್ಲಾಡಿಸಿದ ಈ ತಲೆ ತಗ್ಗಿಸಿ. ಅಜ್ಜಿಯ ತುಟಿಯ ನಡುಕ ಸ್ವಲ್ಪ ತಗ್ಗಿದೆ, ಬಲಗೈ ಹೆಕ್ಕುವುದನ್ನು ನಿಲ್ಲಿಸಿ ಹಾಸಿಗೆಯ ಮೇಲೆ ಬಿದ್ದಿದೆ, ಕಣ್ಣು ನನ್ನ ಕಡೆ ತಿರುಗಿದೆ, ನಾನು ಯಾರೆಂದು ಗೊತ್ತಾಗಿದೆಯೋ ಇಲ್ಲವೋ, ಕೊಡಬೇ ಅಂದಳು. ಏನು ಕೊಡಲಬೇ. ಕೊಡು. ನನ್ನ ಮುಷ್ಟಿಯಲ್ಲಿ ಕರಡಿಗೆ ಬೆಚ್ಚಗಾಗಿದೆ, ಅದು ಹೊಟ್ಟ್ಯಾಗ ಇರೂತನಕ ಇದು ಬ್ಯಾಡ ಅಂದವಳು, ಈಗ ಹೊಟ್ಟೆಯಲ್ಲಿಲ್ಲ, ಮೂರು ದಿನದಿಂದ ಇಲ್ಲ, ಆದರೆ ಅವಳು ಕೇಳುತ್ತಿರುವುದು ಇದನ್ನೋ, ಎಲೆಯನ್ನೋ, ನಾನು ದಿನಾ ತಟ್ಟೆ ಮುಚ್ಚಿ ಒಯ್ಯುತ್ತಿದ್ದ ಆ ಲೋಟವನ್ನೋ, ಹೆಂಗ ತಿಳೀಬೇಕು ನನಗೆ, ಇಟ್ಟಿದ್ದನ್ನೆಲ್ಲ ಇಟ್ಟ ಹಾಗೆ ಹಿಡಿದ ಕೈ ಅದು, ಕೊಡಬೇ, ಎಡಗೈ ಚಾಚಿದ್ದಾಳೆ, ಅಂಗೈ ಮೇಲಾಗಿ, ಬಟ್ಟಲಿನಂತೆ ಚೂರು ಬಾಗಿಸಿ, ಅಂಗೈ ಮೇಲಾಗಿ, ಎಡಗೈ,